ಪೆಟ್ ಏರಿಗೆ, ಎಂಆರ್‌ಎಸ್ ನೀರಿಗೆ: ಒಂದೇ ಹಿಪ್ಪೊಕ್ಯಾಂಪಸ್, ಎರಡು ಉತ್ತರ

#1 ಹೊಸಪೋಸ್ಟ್‌ಡಾಕ್
ಎರಡು ವರ್ಷದ ಪೋಸ್ಟ್‌ಡಾಕ್ ಯೋಜನೆ. ವಿಷಯ, ಔಷಧಕ್ಕೆ ಬಗ್ಗದ ಟೆಂಪೊರಲ್ ಲೋಬ್ ಅಪಸ್ಮಾರದಲ್ಲಿ ಮೆದುಳಿನ ಚಯಾಪಚಯ. ಒಂದು ದಿನ ಎಫ್‌ಡಿಜಿ ಪೆಟ್-ಸಿಟಿ (ಗ್ಲೂಕೋಸ್‌ನಂಥ ವಿಕಿರಣ ವಸ್ತು ಚುಚ್ಚಿ, ಮೆದುಳು ಅದನ್ನು ಎಲ್ಲಿ ಎಷ್ಟು ಎಳೆದುಕೊಳ್ಳುತ್ತೆ ಅಂತ ನೋಡುವ ಸ್ಕ್ಯಾನ್), ಇನ್ನೊಂದು ದಿನ 3 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಪ್ರೋಟಾನ್ ಎಂಆರ್‌ಎಸ್ (ಒಂದು ಜಾಗದ ರಾಸಾಯನಿಕಗಳನ್ನು ಶಿಖರಗಳಾಗಿ ತೋರಿಸುವ ಅಳತೆ). ವೋಕ್ಸೆಲ್ (ಅಳೆಯಲು ಆರಿಸಿದ ಪೆಟ್ಟಿಗೆಯಾಕಾರದ ಜಾಗ) ಹಿಪ್ಪೊಕ್ಯಾಂಪಸ್ (ಟೆಂಪೊರಲ್ ಲೋಬ್ ಒಳಗಿನ ನೆನಪಿನ ಭಾಗ) ಉದ್ದಕ್ಕೆ, 25×15×15 ಮಿಲಿಮೀಟರ್. ಸೀಕ್ವೆನ್ಸ್ (ಯಂತ್ರದ ಪಲ್ಸ್‌ಗಳ ಕ್ರಮ) ಪ್ರೆಸ್, ಟಿಇ (ಪಲ್ಸ್ ಹೊಡೆದು ಸಿಗ್ನಲ್ ಹಿಡಿಯುವ ತನಕದ ಸಮಯ) 144 ಮಿಲಿಸೆಕೆಂಡ್.

ಪೈಲಟ್ ಸ್ಕ್ಯಾನ್‌ಗಳಲ್ಲೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿದೆ. ಪೆಟ್ ನೋಡಿದರೆ ರೋಗವಿರುವ ಬದಿಯ ಹಿಪ್ಪೊಕ್ಯಾಂಪಸ್ ಕಪ್ಪಗೆ ಕೂತಿದೆ, ಅಂದರೆ ಗ್ಲೂಕೋಸ್ ಬಳಕೆ ಕಡಿಮೆ. ಎಂಆರ್‌ಎಸ್‌ನಲ್ಲಿ ಎನ್‌ಎಎ (ನ್ಯೂರಾನ್ ಆರೋಗ್ಯದ ಗುರುತಾದ ರಾಸಾಯನಿಕ)/ಕ್ರಿಯಾಟಿನ್ ಅನುಪಾತ ಮಾತ್ರ ಹೆಚ್ಚುಕಡಿಮೆ ಆರೋಗ್ಯವಂತರ ಹಾಗೇ ಇದೆ. ಗ್ಲೂಕೋಸ್ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಒಬ್ಬರಲ್ಲಿ ಕಾಣುತ್ತೆ, ಇನ್ನೊಬ್ಬರಲ್ಲಿ ಮಾಯ. ಪೆಟ್ ಅನ್ನು ಇಡೀ ಮೆದುಳಿನ ಸರಾಸರಿಯಿಂದ ಭಾಗಿಸಲಾಗಿದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಯಾವುದನ್ನು ಮೊದಲು ಸರಿಮಾಡಬೇಕು?

#2 ಶಿಮ್‌ಸರಿಯಿಲ್ಲ
ಎರಡನ್ನೂ ನಂಬಬೇಡಿ. ಮುಂದಿನ ಪ್ರಶ್ನೆ?

#3 ಅರ್ಧಾಯುಷಿ
ಮೇಲಿನವರ ಮಾತು ಒರಟಾದರೂ ಸುಳ್ಳಲ್ಲ. ಆದರೆ ಇಲ್ಲಿ ಜಗಳವೇ ಇಲ್ಲದಿರಬಹುದು. ಎನ್‌ಎಎ/ಕ್ರಿಯಾಟಿನ್‌ನಲ್ಲಿ ಅಂಶ, ಛೇದ ಎರಡೂ ಅಂಗಾಂಶದಿಂದಲೇ ಬರುತ್ತವೆ. ಹಿಪ್ಪೊಕ್ಯಾಂಪಸ್ ಕುಗ್ಗಿ ಆ ಜಾಗಕ್ಕೆ ಮೆದುಳುಬಳ್ಳಿಯ ದ್ರವ ತುಂಬಿಕೊಂಡರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಅನುಪಾತ ಅಲುಗುವುದಿಲ್ಲ. ಪೆಟ್ ಹಾಗಲ್ಲ. ಅದು ದ್ರವವನ್ನೂ ಸೇರಿಸಿ ಆ ಜಾಗದ ಸರಾಸರಿ ಹೇಳುತ್ತೆ. ಯಂತ್ರದ ಬಿಡಿಸುವ ಶಕ್ತಿಯೇ 4-5 ಮಿಲಿಮೀಟರ್, ಹಿಪ್ಪೊಕ್ಯಾಂಪಸ್ ದಪ್ಪ ಅದರ ಎರಡು ಪಟ್ಟಿದ್ದರೆ ಹೆಚ್ಚು. ಅಂದಮೇಲೆ ಕುಗ್ಗಿದ ಹಿಪ್ಪೊಕ್ಯಾಂಪಸ್ ಉಳಿದ ಜೀವಕೋಶಗಳಲ್ಲಿ ಮಾಮೂಲಿನಷ್ಟೇ ಗ್ಲೂಕೋಸ್ ಬಳಸುತ್ತಿದ್ದರೂ ಪೆಟ್‌ನಲ್ಲಿ ಕಪ್ಪಗೇ ಕಾಣುತ್ತೆ.

ಮೊದಲು ಮಾಡಬೇಕಾದ್ದು: ಟಿ1 ಚಿತ್ರವನ್ನು (ರಚನೆ ತೋರಿಸುವ ಎಂಆರ್‌ಐ) ಬೂದು, ಬಿಳಿ, ದ್ರವ ಅಂತ ವಿಂಗಡಿಸಿ, ಪೆಟ್‌ಗೆ ಪಾರ್ಶಿಯಲ್ ವಾಲ್ಯೂಮ್ ತಿದ್ದುಪಡಿ (ಅಕ್ಕಪಕ್ಕದ ದ್ರವ, ಅಂಗಾಂಶ ಬೆರೆತದ್ದನ್ನು ಸರಿಪಡಿಸುವ ಲೆಕ್ಕ) ಹಾಕಿ. ಮುಲ್ಲರ್-ಗಾರ್ಟ್ನರ್ ವಿಧಾನವಾದರೂ ಆದೀತು, ಜಿಟಿಎಂ ಆದರೂ ಆದೀತು. ತಿದ್ದುಪಡಿ ಇರುವ ಅಂಕಿ, ಇಲ್ಲದ ಅಂಕಿ ಎರಡನ್ನೂ ಪಕ್ಕಪಕ್ಕ ಇಡಿ.

#4 ಜೋಡಿಶಿಖರ
@ಅರ್ಧಾಯುಷಿ ಅರ್ಧ ಒಪ್ಪಿಗೆ. ಟೆಂಪೊರಲ್ ಲೋಬ್ ಅಪಸ್ಮಾರದಲ್ಲಿ ಗ್ಲೂಕೋಸ್ ಬಳಕೆಯ ಇಳಿತ ಹಿಪ್ಪೊಕ್ಯಾಂಪಸ್‌ಗೆ ನಿಲ್ಲಲ್ಲ. ಟೆಂಪೊರಲ್ ಲೋಬಿನ ತುದಿ, ಹೊರಬದಿಯ ಕಾರ್ಟೆಕ್ಸ್, ಕೆಲವರಲ್ಲಿ ಅದೇ ಬದಿಯ ಥಲಾಮಸ್ ತನಕ ಹರಡಿರುತ್ತೆ, ಎಂಆರ್‌ಐನಲ್ಲಿ ಕುಗ್ಗಿದ್ದೇ ಕಾಣದ ಜಾಗಕ್ಕೂ. ಎಲ್ಲವನ್ನೂ ಕುಗ್ಗುವಿಕೆ ಮೇಲೆ ಹಾಕಿ ಕೈತೊಳೆದುಕೊಳ್ಳೋಕಾಗಲ್ಲ.

ಈಗ ಲ್ಯಾಕ್ಟೇಟ್ ಕಣ್ಣಾಮುಚ್ಚಾಲೆ. ಅದಕ್ಕೆ ರೋಗಿ ಕಾರಣ ಅಲ್ಲ, ಪ್ರೆಸ್ ಕಾರಣ. ಲ್ಯಾಕ್ಟೇಟ್‌ನ ಮೀಥೈಲ್ ಜೋಡಿಶಿಖರ 1.33 ಪಿಪಿಎಂನಲ್ಲಿ (ಪಿಪಿಎಂ ಅಂದರೆ ಅಡ್ಡಗೆರೆಯಲ್ಲಿ ಶಿಖರ ನಿಲ್ಲುವ ಜಾಗದ ಅಳತೆ), ಅದರ ಜೊತೆಗಾರ ಪ್ರೋಟಾನ್ 4.11ರಲ್ಲಿ. ಅಂತರ 2.78 ಪಿಪಿಎಂ, 3 ಟೆಸ್ಲಾದಲ್ಲಿ ಸುಮಾರು 355 ಹರ್ಟ್ಸ್. ನಿಮ್ಮ ರಿಫೋಕಸಿಂಗ್ ಪಲ್ಸ್‌ನ ಬ್ಯಾಂಡ್‌ವಿಡ್ತ್ (ಅದು ಮುಟ್ಟುವ ಫ್ರೀಕ್ವೆನ್ಸಿಗಳ ಅಗಲ) 1,200 ಹರ್ಟ್ಸ್ ಅಂತಿಟ್ಟುಕೊಳ್ಳಿ. ಒಂದೊಂದು ದಿಕ್ಕಲ್ಲೂ ಇಬ್ಬರ ವೋಕ್ಸೆಲ್ ಶೇ 30ರಷ್ಟು ಜರುಗಿರುತ್ತೆ. ಎರಡು ದಿಕ್ಕು ಸೇರಿದರೆ ಎರಡೂ ಪ್ರೋಟಾನ್ ಎರಡೂ ಪಲ್ಸ್ ಪಡೆಯುವ ಜಾಗ ಅರ್ಧಕ್ಕಿಳೀತು. ಆ ಅರ್ಧದಲ್ಲಿ ಮಾತ್ರ 144ರಲ್ಲಿ ಶಿಖರ ತಲೆಕೆಳಗಾಗಿ ನಿಲ್ಲುತ್ತೆ. ಉಳಿದ ಕಡೆಯ ಸಿಗ್ನಲ್ ಅದಕ್ಕೆ ವಿರುದ್ಧ ನಿಂತು ಅದನ್ನೇ ತಿಂದುಹಾಕುತ್ತೆ. "ಲ್ಯಾಕ್ಟೇಟ್ ಇಲ್ಲ" ಅಂತ ಬರೆದ ಎಷ್ಟೋ ಕಡೆ ಲ್ಯಾಕ್ಟೇಟ್ ಇತ್ತು ಮಾರಾಯ್ರೆ.

ದಾರಿ ಎರಡು. ಟಿಇ 288ಕ್ಕೆ ಹೋಗಿ, ಅಲ್ಲಿ ಶಿಖರ ಎಲ್ಲ ಕಡೆಯೂ ಮೇಲ್ಮುಖ, ಆದರೆ ಟಿ2ರಿಂದ (ಸಿಗ್ನಲ್ ಆರಿಹೋಗುವ ಸಮಯ) ಸಿಗ್ನಲ್ ಸೋರುತ್ತೆ. ಇಲ್ಲವಾದರೆ ಪ್ರೆಸ್ ಬದಲು ಸೆಮಿ-ಲೇಸರ್ ಅನ್ನುವ ಸೀಕ್ವೆನ್ಸ್ ಹಾಕಿ. ಅದರ ಅಡಿಯಾಬ್ಯಾಟಿಕ್ ಪಲ್ಸ್‌ಗಳ ಬ್ಯಾಂಡ್‌ವಿಡ್ತ್ ಹಲವು ಪಟ್ಟು ದೊಡ್ಡದು, ಜರುಗಾಟ ಶೇ 10ರೊಳಗೆ ಬರುತ್ತೆ. ನನ್ನ ಓಟು ಎರಡನೆಯದಕ್ಕೆ.

#5 ಶಿಮ್‌ಸರಿಯಿಲ್ಲ
ಇದೇ ಲೆಕ್ಕ ಎನ್‌ಎಎಗೂ ಹಾಕಿ ನೋಡಿ. ಜಾಗವನ್ನು ನೀರಿನ ಫ್ರೀಕ್ವೆನ್ಸಿಗೆ ಹೊಂದಿಸಿದ್ದರೆ, ನೀರು 4.68, ಎನ್‌ಎಎ 2.01. ಅಂತರ ಸುಮಾರು 340 ಹರ್ಟ್ಸ್, ಅಂದರೆ ಶೇ 28. 15 ಮಿಲಿಮೀಟರ್ ಬದಿಯಲ್ಲಿ 4 ಮಿಲಿಮೀಟರ್‌ಗೂ ಹೆಚ್ಚು! ಪರದೆ ಮೇಲೆ ಡಬ್ಬ ಹಿಪ್ಪೊಕ್ಯಾಂಪಸ್ ಮೇಲೆ ನೆಟ್ಟಗೆ ಕೂತಿರುತ್ತೆ, ಎನ್‌ಎಎ ಬರುತ್ತಿರುವುದು ಪಕ್ಕದ ಮನೆಯಿಂದ.

#6 ಪಿಕ್ಸೆಲ್‌ಪುಟ್ಟ
ವೋಕ್ಸೆಲ್‌ಗೆ ಕನ್ನಡದಲ್ಲಿ ಏನಂತಾರೆ? ಘನಬಿಂದು?

#7 ಶಿಮ್‌ಸರಿಯಿಲ್ಲ
ಡಬ್ಬ.

#8 ಕಿರುಮೆದುಳು
ಲ್ಯಾಕ್ಟೇಟ್ ಅಂತ ಖುಷಿಪಡುವ ಮುಂಚೆ 0.9ರಿಂದ 1.4 ಪಿಪಿಎಂ ನಡುವೆ ಯಾರ್ಯಾರು ಬಂದು ಕೂರುತ್ತಾರೆ ಅಂತ ತಿಳಿದಿರಲಿ. ತಲೆಬುರುಡೆಯ ಕೊಬ್ಬು 0.9 ಮತ್ತು 1.3ರಲ್ಲಿ. ಅಪಸ್ಮಾರಕ್ಕೆ ಕೀಟೋಜೆನಿಕ್ ಪಥ್ಯದಲ್ಲಿರುವವರಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ 1.2ರ ಹತ್ತಿರ ಜೋಡಿಶಿಖರ ಕೊಡುತ್ತೆ, ಕೆಲವರಲ್ಲಿ 2.22ರಲ್ಲಿ ಅಸಿಟೋನ್ ಕೂಡ. ಫೀನೋಬಾರ್ಬಿಟಾಲ್, ಲೊರಾಜೆಪಾಮ್ ಚುಚ್ಚುಮದ್ದಿನ ದ್ರಾವಕವಾದ ಪ್ರೊಪಿಲೀನ್ ಗ್ಲೈಕಾಲ್ 1.1ರಲ್ಲಿ ಇನ್ನೊಂದು ಜೋಡಿ. ಈ ಎರಡು ಜೋಡಿಗೂ ಲ್ಯಾಕ್ಟೇಟ್‌ನ ಹಾಗೇ ಸುಮಾರು 6-7 ಹರ್ಟ್ಸ್ ಸೀಳು. ಶಿಮ್ (ಕಾಂತಕ್ಷೇತ್ರವನ್ನು ಸಮಮಾಡುವ ಹೊಂದಿಕೆ) ಕೆಟ್ಟು ಶಿಖರ ಅಗಲವಾದರೆ, ಬೆರೆತ ಶಿಖರಗಳನ್ನು ಬಿಡಿಸುವ ಫಿಟ್ಟಿಂಗ್ ತಂತ್ರಾಂಶ ಒಬ್ಬರ ಟೋಪಿ ಇನ್ನೊಬ್ಬರಿಗೆ ಹಾಕುತ್ತೆ.

ಕೀಟೋನ್ ಏರಿದರೆ ಪೆಟ್ ಕೂಡ ಬದಲಾಗುತ್ತೆ. ಮೆದುಳು ಅದನ್ನು ಉರುವಲಾಗಿ ಬಳಸಿಕೊಂಡಷ್ಟೂ ಗ್ಲೂಕೋಸ್ ಕಡಿಮೆ ಎಳೆದುಕೊಳ್ಳುತ್ತೆ. ಪಥ್ಯದಲ್ಲಿರುವವರನ್ನು ಬೇರೆ ಗುಂಪಾಗಿ ಇಡಿ, ಇಲ್ಲವೇ ಸೇರಿಸಿಕೊಳ್ಳಬೇಡಿ.

#9 ಅರ್ಧಾಯುಷಿ
ಈಗ ದೊಡ್ಡ ತಪ್ಪಿಗೆ ಬರೋಣ. ಇಡೀ ಮೆದುಳಿನ ಸರಾಸರಿಯಿಂದ ಭಾಗಿಸುವುದು. ಅಪಸ್ಮಾರದ ಮಾತ್ರೆಗಳೇ ಒಟ್ಟು ಗ್ಲೂಕೋಸ್ ಬಳಕೆಯನ್ನು ಇಳಿಸುತ್ತವೆ. ಫೀನೋಬಾರ್ಬಿಟಾಲ್ ಚೆನ್ನಾಗಿಯೇ ಇಳಿಸುತ್ತೆ, ವಾಲ್‌ಪ್ರೊಯೇಟ್ ಕೂಡ ಇಳಿಸುತ್ತೆ. ರೋಗಿಗಳಲ್ಲಿ ಛೇದವೇ ಚಿಕ್ಕದಾಗಿದ್ದರೆ, ಏನೂ ಆಗದ ಜಾಗಗಳು ಹೆಚ್ಚು ಉರಿಯುತ್ತಿರುವಂತೆ ಕಾಣುತ್ತವೆ, ನಿಜವಾದ ಇಳಿತ ಸಣ್ಣದಾಗುತ್ತೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದೇ ವಾದ ವರ್ಷಗಟ್ಟಲೆ ನಡೆಯಿತು: ಪ್ಯಾಲಿಡಮ್, ಥಲಾಮಸ್, ಪಾನ್ಸ್‌ನಲ್ಲಿ (ಮೆದುಳಕಾಂಡದ ಭಾಗ) ಕಾಣುವ ಏರಿಕೆ ನಿಜವೋ, ಕಾರ್ಟೆಕ್ಸ್ ಇಳಿದದ್ದರಿಂದ ಭಾಗಾಕಾರ ಹುಟ್ಟಿಸಿದ ಭೂತವೋ ಅಂತ.

#10 ಬೇಸ್‌ಲೈನ್‌ಬಾಬು
ಹಾಗಾದರೆ ಸೆರೆಬೆಲ್ಲಮ್‌ನಿಂದ (ಕಿರುಮೆದುಳು) ಭಾಗಿಸಿ, ಮುಗೀತು. ಆಲ್ಜೈಮರ್‌ಗೆ ಬಹಳ ಕಡೆ ಅದನ್ನೇ ಮಾಡ್ತಾರೆ.

#11 ಕಿರುಮೆದುಳು
ಅಯ್ಯೋ, ಅಪಸ್ಮಾರದಲ್ಲಿ ಬೇಡವೇ ಬೇಡ! ವರ್ಷಗಟ್ಟಲೆ ಫೆನಿಟೊಯಿನ್ ತಿಂದವರಲ್ಲಿ ಸೆರೆಬೆಲ್ಲಮ್ಮೇ ಕುಗ್ಗಿರುತ್ತೆ. ಮೇಲಿನ ಒಂದು ಬದಿ ಮಂಕಾದರೆ ಕೆಳಗೆ ಎದುರು ಬದಿಯ ಸೆರೆಬೆಲ್ಲಮ್ ಕೂಡ ಮಂಕಾಗುವ ಡಯಾಸ್ಕಿಸಿಸ್ ಬೇರೆ. ಪಾನ್ಸ್ ವಾಸಿ. ಪಾನ್ಸ್ ಚಿಕ್ಕದು, ಗದ್ದಲ ಜಾಸ್ತಿ, ಆದರೂ ವಾಸಿ.

#12 ಅರ್ಧಾಯುಷಿ
ಒಂದು ಬದಿಯ ಕಾಯಿಲೆಗೆ ಅಸಮತೆ ಸೂಚ್ಯಂಕ ಎಲ್ಲಕ್ಕಿಂತ ಗಟ್ಟಿ. ಎಡದಲ್ಲಿ ಬಲ ಕಳೆದು, ಎರಡರ ಸರಾಸರಿಯಿಂದ ಭಾಗಿಸಿ, ನೂರರಿಂದ ಗುಣಿಸಿ. ಚುಚ್ಚಿದ ಪ್ರಮಾಣ, ತೂಕ, ಮಾತ್ರೆಯ ಪ್ರಭಾವ ಎಲ್ಲ ಅಲ್ಲೇ ಹೊಡೆದುಹೋಗುತ್ತೆ. ಎರಡೂ ಬದಿ ಕಾಯಿಲೆ ಇದ್ದರೆ ಮಾತ್ರ ಇದು ಕುರುಡು.

#13 ಹೊಸಪೋಸ್ಟ್‌ಡಾಕ್
ಅನುಪಾತದ ರಗಳೆಯೇ ಬೇಡ, ಗ್ಲೂಕೋಸ್ ಬಳಕೆಯನ್ನು ನಿಜವಾದ ಅಳತೆಯಲ್ಲಿ, 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಎಷ್ಟು ಮೈಕ್ರೋಮೋಲ್ ಅಂತ ಲೆಕ್ಕ ಹಾಕಿದರೆ? ಡೈನಾಮಿಕ್ ಸ್ಕ್ಯಾನ್‌ಗೆ ಅನುಮತಿ ಇದೆ.

#14 ಅರ್ಧಾಯುಷಿ
ಹಾಕಬಹುದು, ಆದರೆ ಅಲ್ಲೂ ಒಬ್ಬ ಛೇದ ಕಾಯ್ತಿದ್ದಾನೆ, ಲಂಪ್ಡ್ ಕಾನ್‌ಸ್ಟಂಟ್ ಅಂತ. ಸೊಕೊಲಾಫ್ 1977ರಲ್ಲಿ ಇಲಿಗಳಲ್ಲಿ ಡಿಯಾಕ್ಸಿಗ್ಲೂಕೋಸ್ ವಿಧಾನ ಕೊಟ್ಟಾಗಿನಿಂದ ಇವನು ಬೆನ್ನುಬಿಟ್ಟಿಲ್ಲ. ಎಫ್‌ಡಿಜಿ ಗ್ಲೂಕೋಸ್ ಅಲ್ಲ. ಒಳಗೆ ಹೋಗುವ ವೇಗ ಬೇರೆ, ಹೆಕ್ಸೊಕೈನೇಸ್ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುವ ವೇಗ ಬೇರೆ. ಆ ವ್ಯತ್ಯಾಸವನ್ನೆಲ್ಲ ಒಂದೇ ಸಂಖ್ಯೆಗೆ ತುರುಕಿದ್ದಾರೆ. ಮನುಷ್ಯರಿಗೆ ಹಳೆಯ ಲೆಕ್ಕದಲ್ಲಿ 0.52, ಆಮೇಲಿನ ಅಳತೆಗಳಲ್ಲಿ 0.65, 0.8, 0.89. ಯಾವುದನ್ನು ಹಿಡಿಯುತ್ತೀರಿ ಅನ್ನುವುದರ ಮೇಲೆ ಉತ್ತರ ಸುಮಾರು 1.7 ಪಟ್ಟಿನ ತನಕ ಬದಲಾಗುತ್ತೆ. ಎರಡೂ ಗುಂಪಿಗೆ ಒಂದೇ ಹಾಕಿದರೆ ಹೋಲಿಕೆಗೆ ಅಡ್ಡಿಯಿಲ್ಲ, ಕಾಯಿಲೆಯಿಂದಲೇ ಆ ಸಂಖ್ಯೆ ಬದಲಾಗಿಲ್ಲ ಅನ್ನುವ ಷರತ್ತಿನ ಮೇಲೆ.

ಮಾಡುವ ಬಗೆ: ಚುಚ್ಚುವ ಕ್ಷಣದಿಂದ 60 ನಿಮಿಷ ಡೈನಾಮಿಕ್, ಮೊದಲ ಎರಡು ನಿಮಿಷ 5-10 ಸೆಕೆಂಡ್‌ನ ಫ್ರೇಮ್, ಆಮೇಲೆ ಉದ್ದ ಮಾಡುತ್ತ ಹೋಗಿ. ರಕ್ತದಲ್ಲಿ ಎಫ್‌ಡಿಜಿ ಏರಿಳಿಯುವ ಕರ್ವ್‌ಗೆ ಅಪಧಮನಿಯ ಸೂಜಿ ಉತ್ತಮ, ಆದರೆ ಎಲ್ಲರೂ ಒಪ್ಪಲ್ಲ. ಕತ್ತಿನ ಕರೋಟಿಡ್ ಅಪಧಮನಿಯಿಂದ ಚಿತ್ರದಲ್ಲೇ ಕರ್ವ್ ತೆಗೆಯಬಹುದು. ಆ ನಾಳದ ಅಗಲವೂ ಸುಮಾರು 5 ಮಿಲಿಮೀಟರ್ ಆದ್ದರಿಂದ ಶಿಖರ ಮೊಂಡಾಗುತ್ತೆ, ಕೊನೆಗೆ ಅಕ್ಕಪಕ್ಕದ ಅಂಗಾಂಶದ ಸಿಗ್ನಲ್ ಒಳಗೆ ನುಗ್ಗುತ್ತೆ. 30, 45, 60 ನಿಮಿಷಕ್ಕೆ ಒಂದೊಂದು ಅಭಿಧಮನಿ ರಕ್ತದ ಮಾದರಿ ತೆಗೆದು ಕರ್ವ್‌ನ ಬಾಲವನ್ನು ಅದಕ್ಕೆ ಕಟ್ಟಿ. ಕೈ ಬೆಚ್ಚಗಿಟ್ಟರೆ ಅಭಿಧಮನಿಯ ರಕ್ತ ಅಪಧಮನಿಯದಕ್ಕೆ ಇನ್ನೂ ಹತ್ತಿರ ಬರುತ್ತೆ. ಆಮೇಲೆ ಪ್ಯಾಟ್ಲಾಕ್ ಗೆರೆ ಎಳೆಯಿರಿ, ಅದರ ಓರೆಯೇ ಮೆದುಳು ಎಫ್‌ಡಿಜಿ ಎಳೆದುಕೊಳ್ಳುವ ವೇಗ.

ಇನ್ನೊಂದು: ಗಡಿಯಾರ. ಡೋಸ್ ಕ್ಯಾಲಿಬ್ರೇಟರ್, ಸ್ಕ್ಯಾನರ್, ಗಾಮಾ ಕೌಂಟರ್, ಗೋಡೆ ಗಡಿಯಾರ ನಾಲ್ಕೂ ಒಂದೇ ಸಮಯ ತೋರಿಸಬೇಕು. ಫ್ಲೋರಿನ್-18ರ ಅರ್ಧಾಯುಷ್ಯ 109.8 ನಿಮಿಷ, 10 ನಿಮಿಷದ ವ್ಯತ್ಯಾಸಕ್ಕೆ ಶೇ 6 ತಪ್ಪು. ಕಾರ್ಬನ್-11 ಆಗಿದ್ದರೆ, ಅದರದ್ದು 20.4 ನಿಮಿಷ, ಅದೇ 10 ನಿಮಿಷಕ್ಕೆ ಶೇ 29 ಹೋಯ್ತು. ಸಿರಿಂಜ್‌ನಲ್ಲಿ ಉಳಿದದ್ದನ್ನೂ ಅಳೆದು ಕಳೆಯಿರಿ.

#15 ಬೇಸ್‌ಲೈನ್‌ಬಾಬು
ಗಡಿಯಾರಕ್ಕೆ ಇಷ್ಟು ಭಾಷಣ ಬೇಕಿತ್ತಾ 😄

#16 ಅರ್ಧಾಯುಷಿ
ಅಧ್ಯಯನದ ಅರ್ಧದಲ್ಲಿ ಸಮಯ ಬದಲಾದದ್ದು ಗೊತ್ತಾದಾಗ ಗೊತ್ತಾಗುತ್ತೆ.

#17 ಜೋಡಿಶಿಖರ
ಎಂಆರ್‌ಎಸ್ ಕಡೆಯ ಛೇದವನ್ನೂ ಬಿಡಬೇಡಿ. ಕ್ರಿಯಾಟಿನ್ ಸ್ಥಿರ ಅನ್ನುವುದು ನಂಬಿಕೆ ಅಷ್ಟೆ. ಗ್ಲಿಯಾ (ನ್ಯೂರಾನ್‌ಗೆ ಆಸರೆಯಾದ) ಕೋಶಗಳಲ್ಲಿ ಅದು ನ್ಯೂರಾನ್‌ಗಿಂತ ಹೆಚ್ಚು. ಗಾಯದ ಕಲೆ ಗಟ್ಟಿಯಾದಾಗ ಏರಬಹುದು, ಕೋಶಗಳೇ ಹೋದಾಗ ಇಳಿಯಬಹುದು. ನೀರನ್ನು ಛೇದ ಮಾಡಿಕೊಳ್ಳಿ. ಅದೇ ಡಬ್ಬ, ಅದೇ ರಿಸೀವರ್ ಗೇನ್, ನೀರನ್ನು ಅಡಗಿಸದೆ 8-16 ಸರಾಸರಿ. ಒಂದು ನಿಮಿಷದ ಕೆಲಸ. ಎಡ್ಡಿ ಕರೆಂಟ್ ತಿದ್ದುಪಡಿಗೂ, ಕಾಯಿಲ್ ಚಾನೆಲ್‌ಗಳನ್ನು ಸೇರಿಸುವುದಕ್ಕೂ ಅದೇ ಬೇಕು.

ನೀರಿನ ಪಾಲು ಬೂದು ಭಾಗಕ್ಕೆ 0.78, ಬಿಳಿಗೆ 0.65, ದ್ರವಕ್ಕೆ 0.97 ಹಿಡಿದು, ಡಬ್ಬದಲ್ಲಿ ಯಾವುದು ಎಷ್ಟಿದೆ ಅಂತ ಟಿ1ನಿಂದ ತೆಗೆದು ತೂಗಿ. ದ್ರವದಲ್ಲಿ ಎನ್‌ಎಎ ಇಲ್ಲವೆಂದೇ ಲೆಕ್ಕ. ಟಿಇ 144, 288ರಲ್ಲಿ ಟಿ2 ತಿದ್ದುಪಡಿಯೇ ಉತ್ತರವನ್ನು ಎತ್ತಿಬಿಸಾಡುತ್ತೆ, ಅಪಸ್ಮಾರದ ಹಿಪ್ಪೊಕ್ಯಾಂಪಸ್‌ನಲ್ಲಿ ನೀರಿನ ಟಿ2 ಮೊದಲೇ ಉದ್ದವಾಗಿರುತ್ತೆ ಬೇರೆ. ಆದ್ದರಿಂದ ಎನ್‌ಎಎ, ಗ್ಲುಟಾಮೇಟ್‌ಗೆ ಚಿಕ್ಕ ಟಿಇ (ಸೆಮಿ-ಲೇಸರ್‌ನಲ್ಲಿ 30ರ ಆಸುಪಾಸು), ಲ್ಯಾಕ್ಟೇಟ್‌ಗೆ ಮಾತ್ರ ಬೇರೆ ಉದ್ದ ಟಿಇ. ಎರಡು ಅಳತೆ, ಒಂದೇ ಡಬ್ಬ.

#18 ಪಿಕ್ಸೆಲ್‌ಪುಟ್ಟ
ಫಿಟ್ಟಿಂಗ್‌ಗೆ ಎಲ್‌ಸಿಮಾಡೆಲ್ ತಾನೆ? ದುಡ್ಡು?

#19 ಜೋಡಿಶಿಖರ
2021ರಿಂದ ಉಚಿತ. ಆಸ್ಪ್ರೇ, ಎಫ್‌ಎಸ್‌ಎಲ್-ಎಂಆರ್‌ಎಸ್ ಕೂಡ ಉಚಿತ. ತಂತ್ರಾಂಶಕ್ಕಿಂತ ಬೇಸಿಸ್ ಸೆಟ್ (ಒಂದೊಂದು ರಾಸಾಯನಿಕದ ಮಾದರಿ ಶಿಖರಗಳು) ಮುಖ್ಯ. ನಿಮ್ಮ ಯಂತ್ರದ ನಿಜವಾದ ಪಲ್ಸ್ ಆಕಾರ, ನಿಜವಾದ ಸಮಯಗಳನ್ನಿಟ್ಟು ಸಿಮ್ಯುಲೇಟ್ ಮಾಡಿದ್ದೇ ಆಗಬೇಕು. ಎಲ್ಲಿಂದಲೋ ಇಳಿಸಿಕೊಂಡದ್ದು ಹೆಸರಿಗೆ ಟಿಇ 30 ಇದ್ದರೂ ಗ್ಲುಟಾಮೇಟ್ ಆಕಾರ ಹೊಂದುವುದಿಲ್ಲ.

#20 ಬೇಸ್‌ಲೈನ್‌ಬಾಬು
ಕ್ರಾಮರ್-ರಾವ್ (ಫಿಟ್ಟಿಂಗ್‌ನ ಅನಿಶ್ಚಿತತೆ) ಶೇ 20ಕ್ಕಿಂತ ಹೆಚ್ಚಿದ್ದದ್ದನ್ನೆಲ್ಲ ಎತ್ತಿಬಿಸಾಡಿ, ಗೊಂದಲವೇ ಇರಲ್ಲ.

#21 ಜೋಡಿಶಿಖರ
ಅಲ್ಲ ರೀ, ಅದೇ ಗೊಂದಲದ ಮೂಲ. ಆ ಶೇಕಡಾ ಅಂದರೆ ಅನಿಶ್ಚಿತತೆಯನ್ನು ಸಿಕ್ಕ ಸಾಂದ್ರತೆಯಿಂದ ಭಾಗಿಸಿದ್ದು. ಲ್ಯಾಕ್ಟೇಟ್ ಕಡಿಮೆ ಇದ್ದಷ್ಟೂ ಶೇಕಡಾ ತಾನಾಗಿ ಏರುತ್ತೆ. ಆರೋಗ್ಯವಂತ ಮೆದುಳಲ್ಲಿ ಲ್ಯಾಕ್ಟೇಟ್ ಇರುವುದೇ 1 ಮಿಲಿಮೋಲಾರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಶೇ 20ರ ಕತ್ತರಿ ಹಾಕಿದರೆ ಕಡಿಮೆ ಇದ್ದವರೆಲ್ಲ ಉದುರಿ, ಹೆಚ್ಚಿದ್ದವರಷ್ಟೇ ಉಳಿದು, ಗುಂಪಿನ ಸರಾಸರಿ ಸುಳ್ಳೇ ಏರುತ್ತೆ. ಗುಣಮಟ್ಟವನ್ನು ಶಿಖರದ ಅಗಲ, ಸಿಗ್ನಲ್-ಗದ್ದಲ, ಉಳಿಕೆ ಗೆರೆ ನೋಡಿ ತೀರ್ಮಾನಿಸಿ.

#22 ಬೇಸ್‌ಲೈನ್‌ಬಾಬು
ಇದು ಒಪ್ಪಿದೆ. ಇಲ್ಲೂ ಛೇದ!

#23 ಶಿಮ್‌ಸರಿಯಿಲ್ಲ
ನನ್ನ ಹೆಸರಿಗೆ ನ್ಯಾಯ ಒದಗಿಸುತ್ತೇನೆ. ಹಿಪ್ಪೊಕ್ಯಾಂಪಸ್ ಕೆಳಗೇ ಕಿವಿಮೂಳೆಯ ಗಾಳಿಗೂಡು, ಮುಂದೆ ಸ್ಫೀನಾಯ್ಡ್ ಸೈನಸ್. ಕಾಂತಕ್ಷೇತ್ರ ಅಲ್ಲಿ ಏರುಪೇರು. ಯಂತ್ರದ ಸ್ವಯಂ ಶಿಮ್ ಸಾಲದು, ಫೀಲ್ಡ್ ಮ್ಯಾಪ್ ಆಧಾರಿತ ಎರಡನೇ ದರ್ಜೆ ಶಿಮ್ ಮಾಡಿ. ನೀರಿನ ಶಿಖರದ ಅಗಲ ಹಿಂಭಾಗದ ಸಿಂಗ್ಯುಲೇಟ್‌ನಲ್ಲಿ 7-8 ಹರ್ಟ್ಸ್ ಸಿಗುತ್ತೆ, ಇಲ್ಲಿ 12-13 ಸಿಕ್ಕರೆ ಹಬ್ಬ. ಡಬ್ಬವನ್ನು ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೆ ಓರೆಯಾಗಿ ತಿರುಗಿಸಿ, ಮುಂದಿನ ತುದಿಯನ್ನು ಸ್ವಲ್ಪ ಹಿಂದೆ ಸರಿಸಿ.

ಕ್ರಮ ಬಹಳ ಮುಖ್ಯ: ಟಿ1, ಆಮೇಲೆ ನೇರ ಎಂಆರ್‌ಎಸ್. ಡಿಫ್ಯೂಷನ್, ಎಫ್‌ಎಂಆರ್‌ಐ ಎಲ್ಲ ಕೊನೆಗೆ. ಅವುಗಳ ಗ್ರೇಡಿಯಂಟ್‌ಗಳು ಶಿಮ್ ಕಬ್ಬಿಣವನ್ನು ಬಿಸಿ ಮಾಡುತ್ತವೆ. ಅದು ತಣಿಯುವಾಗ ಫ್ರೀಕ್ವೆನ್ಸಿ ಜಾರುತ್ತ ಹೋಗುತ್ತೆ. ಗಾಬಾ (ನ್ಯೂರಾನ್‌ಗಳನ್ನು ತಣ್ಣಗಿಡುವ ರಾಸಾಯನಿಕ) ಅಳೆಯಬೇಕೆಂದು ಮೆಗಾ-ಪ್ರೆಸ್ ಸೀಕ್ವೆನ್ಸ್ ಹಾಕಿದರಂತೂ 1.9ರಲ್ಲಿ ಹೊಡೆಯಬೇಕಾದ ಎಡಿಟಿಂಗ್ ಪಲ್ಸ್ ಪಕ್ಕಕ್ಕೆ ಹೊಡೆಯುತ್ತೆ.

#24 ಕಿರುಮೆದುಳು
ಗಾಬಾ ಅಂದಿರಾ? ವಿಗಾಬಟ್ರಿನ್ ತೆಗೆದುಕೊಳ್ಳುವವರಲ್ಲಿ ಗಾಬಾ ಏರುವುದು ಔಷಧದ ಕೆಲಸ, ಕಾಯಿಲೆಯದ್ದಲ್ಲ. ಮಾತ್ರೆಪಟ್ಟಿ, ಕೊನೆಯ ಡೋಸ್ ಸಮಯ ಪ್ರತಿ ಸ್ಕ್ಯಾನ್ ಜೊತೆ ಬರೆದಿಡಿ. ಮೆಗಾ-ಪ್ರೆಸ್‌ಗೆ ಸಾಮಾನ್ಯವಾಗಿ 27 ಮಿಲಿಲೀಟರ್ ಡಬ್ಬ ಬೇಕು, ನಿಮ್ಮದು 5.6. ಹಿಪ್ಪೊಕ್ಯಾಂಪಸ್‌ನಲ್ಲಿ ಆ ಆಸೆ ಬಿಡಿ.

ಪೆಟ್ ದಿನಕ್ಕೆ: 4-6 ಗಂಟೆ ಉಪವಾಸ, ಚುಚ್ಚುವ ಮುಂಚೆ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 160 ಮಿಲಿಗ್ರಾಂ ಒಳಗೆ. ಸಕ್ಕರೆ ಏರಿದ್ದರೆ ಪ್ರಿಕ್ಯೂನಿಯಸ್ ಮತ್ತು ಹಿಂಭಾಗದ ಕಾರ್ಟೆಕ್ಸ್ ಮಂಕಾಗಿ, ಚಿತ್ರ ಆಲ್ಜೈಮರ್ ವೇಷ ಹಾಕಿಕೊಂಡು ಬರುತ್ತೆ. ಮಂದ ಬೆಳಕಿನ ಕೋಣೆ, ಮಾತಿಲ್ಲ, ಫೋನಿಲ್ಲ. ಸೂಜಿ 10 ನಿಮಿಷ ಮುಂಚೆಯೇ ಹಾಕಿರಲಿ, ನೋವಿನ ಗಡಿಬಿಡಿ ಕಳೆಯಲಿ. ಇಇಜಿ (ಮೆದುಳಿನ ವಿದ್ಯುತ್ ದಾಖಲೆ) ಚುಚ್ಚುವ ಮುಂಚೆಯೇ ಶುರುವಾಗಿ, ಚುಚ್ಚಿದ ಮೇಲೂ ಕನಿಷ್ಠ 20-30 ನಿಮಿಷ ಓಡಲಿ. ಹೊರಗೆ ಕಾಣದ ಸಣ್ಣ ಸೆಳವು ಆ ಹೊತ್ತಿಗೆ ಬಂದರೆ ರೋಗದ ಬದಿಯೇ ಬೆಳಗಿ, ಒಳ್ಳೆಯ ಬದಿ ಮಂಕಾಗಿ ಕಾಣುತ್ತೆ. ಅಸಮತೆ ಸೂಚ್ಯಂಕ ಆಗ ತಪ್ಪು ಬದಿಗೆ ಬೆರಳು ತೋರಿಸುತ್ತೆ. ಶಸ್ತ್ರಚಿಕಿತ್ಸೆಯ ಮಾತು ಇರುವ ಕಡೆ ಇದು ಆಟವಲ್ಲ.

#25 ಪಿಕ್ಸೆಲ್‌ಪುಟ್ಟ
ಸರಳವಾಗಿ ಕೇಳ್ತೀನಿ. ಪೆಟ್ ಕಪ್ಪು ಅಂದ್ರೆ ನ್ಯೂರಾನ್ ಸತ್ತಿದೆ, ಎನ್‌ಎಎ ಕಡಿಮೆ ಅಂದ್ರೂ ನ್ಯೂರಾನ್ ಸತ್ತಿದೆ. ಒಂದೇ ವಿಷಯ ಎರಡು ಸಲ ಯಾಕೆ ಅಳೀಬೇಕು?

#26 ಕಿರುಮೆದುಳು
ಎರಡೂ ಹಾಗಲ್ಲ. ಎಫ್‌ಡಿಜಿಯನ್ನು ಗ್ಲಿಯಾ ಕೋಶವಾದ ಆಸ್ಟ್ರೋಸೈಟ್ ಕೂಡ ಎಳೆದುಕೊಳ್ಳುತ್ತೆ. ಪೆಲ್ಲೆರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ 1994ರಲ್ಲಿ ಹೇಳಿದ್ದೇ ಅದು: ಗ್ಲುಟಾಮೇಟ್ ಗುಡಿಸಿಕೊಳ್ಳುವಾಗ ಆಸ್ಟ್ರೋಸೈಟ್ ಗ್ಲೂಕೋಸ್ ಉರಿಸುತ್ತೆ, ಲ್ಯಾಕ್ಟೇಟ್ ಬಿಡುತ್ತೆ. ಅದರಲ್ಲಿ ಎಷ್ಟು ಪಾಲು ನ್ಯೂರಾನ್‌ಗೆ ಹೋಗುತ್ತೆ ಅನ್ನುವ ಜಗಳ ಇನ್ನೂ ನಿಂತಿಲ್ಲ. ಎನ್‌ಎಎ ತಯಾರಾಗುವುದು ನ್ಯೂರಾನ್‌ನ ಮೈಟೊಕಾಂಡ್ರಿಯಾದಲ್ಲಿ. ಶಸ್ತ್ರಚಿಕಿತ್ಸೆಯ ನಂತರ ಸೆಳವು ನಿಂತವರಲ್ಲಿ ಎದುರು ಬದಿಯ ಎನ್‌ಎಎ ಮತ್ತೆ ಏರಿದ್ದು ದಾಖಲಾಗಿದೆ. ಸತ್ತ ನ್ಯೂರಾನ್ ಎದ್ದು ಬರಲ್ಲವಲ್ಲ.

#27 ಬೇಸ್‌ಲೈನ್‌ಬಾಬು
ಹಳೆಯದನ್ನೇ ಉಜ್ಜುವ ಬದಲು ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇಮೇಜಿಂಗ್ ಯಾಕೆ ಬೇಡ? ಡ್ಯೂಟೀರಿಯಂ ಗ್ಲೂಕೋಸ್ ಕುಡಿಸಿದರೆ ಗ್ಲೂಕೋಸ್, ಗ್ಲುಟಾಮೇಟ್-ಗ್ಲುಟಾಮಿನ್, ಲ್ಯಾಕ್ಟೇಟ್ ಮೂರೂ ಬೇರೆಬೇರೆ ಕಾಣುತ್ತೆ, ವಿಕಿರಣವೂ ಇಲ್ಲ.

#28 ಜೋಡಿಶಿಖರ
ಚೆಂದವೇ. 2018ರಲ್ಲಿ ಮನುಷ್ಯರಲ್ಲಿ 4 ಟೆಸ್ಲಾದಲ್ಲಿ ತೋರಿಸಿದಾಗ ಡಬ್ಬ 8 ಮಿಲಿಲೀಟರ್ ಸುಮಾರು. ಹಿಪ್ಪೊಕ್ಯಾಂಪಸ್ ಅದರೊಳಗೆ ಎಲ್ಲೋ ಕಳೆದುಹೋಗುತ್ತೆ. 3 ಟೆಸ್ಲಾದಲ್ಲಿ 19.6 ಮೆಗಾಹರ್ಟ್ಸ್‌ಗೆ ಬೇರೆ ಕಾಯಿಲ್, ಬೇರೆ ಆಂಪ್ಲಿಫೈಯರ್ ಬೇಕು. ಕುಡಿಸುವುದು ಕಿಲೋಗೆ 0.75 ಗ್ರಾಂ, ಗರಿಷ್ಠ 60 ಗ್ರಾಂ, ಆಮೇಲೆ ಒಂದು ಗಂಟೆಗೂ ಹೆಚ್ಚು ಕಾಯಬೇಕು. ಅಲ್ಲೂ ಛೇದ ಮೆದುಳಿನ ಸಹಜ ಡ್ಯೂಟೀರಿಯಂ ನೀರು, ಸುಮಾರು 10 ಮಿಲಿಮೋಲಾರ್. ಗ್ಲೂಕೋಸ್ ಉರಿದಂತೆ ಆ ನೀರೇ ಏರುವುದರಿಂದ ಕುಡಿಸುವ ಮುಂಚಿನ ಸ್ಕ್ಯಾನ್ ಇಲ್ಲದೆ ಲೆಕ್ಕ ನಿಲ್ಲಲ್ಲ. ಎಫ್‌ಡಿಜಿ ಇರುವ ದಿನವೇ ಮಾಡುವಂತಿಲ್ಲ, 60 ಗ್ರಾಂ ಸಕ್ಕರೆ ಕುಡಿದ ಮೇಲೆ ಇನ್ನೆಂಥ ಎಫ್‌ಡಿಜಿ.

#29 ಶಿಮ್‌ಸರಿಯಿಲ್ಲ
ಎರಡು ವರ್ಷದ ಪೋಸ್ಟ್‌ಡಾಕ್‌ಗೆ ಕಾಯಿಲ್ ಬರುವ ಹೊತ್ತಿಗೆ ಅವಧಿ ಮುಗಿದಿರುತ್ತೆ.

#30 ಹೊಸಪೋಸ್ಟ್‌ಡಾಕ್
ಎಲ್ಲರಿಗೂ ಧನ್ಯವಾದ. ತಿದ್ದಿದ ಯೋಜನೆ ಹೀಗಿದೆ. ಮೊದಲ ಮೂರು ತಿಂಗಳು ರೋಗಿಗಳೇ ಇಲ್ಲ: ಫ್ಯಾಂಟಮ್ (ಗೊತ್ತಿರುವ ದ್ರಾವಣ ತುಂಬಿದ ಪರೀಕ್ಷಾ ಪಾತ್ರೆ), ಆಮೇಲೆ ಆರು ಆರೋಗ್ಯವಂತರನ್ನು ಎಂಆರ್‌ಎಸ್‌ಗೆ ಎರಡೆರಡು ಸಲ ಕೂರಿಸಿ ಅಳತೆಯ ಏರುಪೇರು ಎಷ್ಟು ಅಂತ ನೋಡುವುದು. ಸೆಮಿ-ಲೇಸರ್ ಚಿಕ್ಕ ಟಿಇ, ಲ್ಯಾಕ್ಟೇಟ್‌ಗೆ 288. ಛೇದ ನೀರು. ಪೆಟ್‌ಗೆ ಪಾನ್ಸ್ ಮತ್ತು ಅಸಮತೆ ಸೂಚ್ಯಂಕ, ಪಾರ್ಶಿಯಲ್ ವಾಲ್ಯೂಮ್ ತಿದ್ದುಪಡಿ ಇದ್ದೂ ಇಲ್ಲದೆಯೂ. ಕೆಲವರಲ್ಲಿ ಮಾತ್ರ ಡೈನಾಮಿಕ್. ಹೋಲಿಕೆಗೆ ಪೆಟ್‌ನಲ್ಲಿ ಹಿಪ್ಪೊಕ್ಯಾಂಪಸ್ ಗುರುತಿಸುವ ಬದಲು ಎಂಆರ್‌ಎಸ್ ಡಬ್ಬವನ್ನೇ ಟಿ1 ಮೂಲಕ ಪೆಟ್ ಮೇಲೆ ಹೊಂದಿಸಿ, ಅದೇ ಜಾಗದ ಅಂಕಿ ತೆಗೆಯುವುದು. ಸರಿಯೇ?

#31 ಅರ್ಧಾಯುಷಿ
ಸರಿ. ಡಬ್ಬದ ಮಾಸ್ಕನ್ನು ಪೆಟ್‌ಗೆ ಇಳಿಸುವಾಗ ಚೂಪು ಅಂಚಿನಲ್ಲೇ ಬಿಡಬೇಡಿ, ಪೆಟ್‌ನ ಬಿಡಿಸುವ ಶಕ್ತಿಯಷ್ಟು ಮಸುಕು ಮಾಡಿ ತೂಕವಾಗಿ ಬಳಸಿ. ಮತ್ತೆ, ಸಿಟಿ ಆದಮೇಲೆ ತಲೆ ತಿರುಗಿದ್ದರೆ ಅಟೆನ್ಯುಯೇಷನ್ ತಿದ್ದುಪಡಿ (ತಲೆಯೊಳಗೇ ಹೀರಿಹೋದ ವಿಕಿರಣದ ಲೆಕ್ಕ) ಒಂದು ಬದಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದು ಅಸಮತೆ ತಾನೇ ಹುಟ್ಟುತ್ತೆ. ಪ್ರತಿ ಸ್ಕ್ಯಾನ್‌ನಲ್ಲೂ ಸಿಟಿ-ಪೆಟ್ ಅಂಚು ಹೊಂದಿದೆಯೇ ಅಂತ ಕಣ್ಣಲ್ಲೇ ನೋಡಿ.

#32 ಕಿರುಮೆದುಳು
ಎಂಆರ್‌ಎಸ್ ದಿನವೂ ಅದೇ ಉಪವಾಸ ಇರಲಿ. ಊಟ ಮಾಡಿ ಬಂದವರ ಮೆದುಳಲ್ಲಿ ಗ್ಲೂಕೋಸ್ ಹೆಚ್ಚಿರುತ್ತೆ. 3.4ರ ಆಸುಪಾಸಿನ ಅದರ ಶಿಖರಗಳು ಟಾರಿನ್ ಜೊತೆ ಬೆರೆತು ಫಿಟ್ಟಿಂಗ್ ಅಲುಗುತ್ತೆ.

#33 ಶಿಮ್‌ಸರಿಯಿಲ್ಲ
ಮಧ್ಯದಲ್ಲಿ ಯಂತ್ರದ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡೋಕೆ ಯಾರಾದರೂ ಬಂದರೆ ಬಾಗಿಲು ತೆಗೀಬೇಡಿ.

#34 ಪಿಕ್ಸೆಲ್‌ಪುಟ್ಟ
ಹಾಗಾದ್ರೆ ಡಬ್ಬ ಅಂತಲೇ ಖಾಯಂ?

#35 ಜೋಡಿಶಿಖರ
ಖಾಯಂ.